ಕೊಡುವವರ ರೊಟ್ಟಿ

ನನ್ನ ತಂಗಿ ಸುಮಿತ್ರಾಬಾಯಿಗೆ ಕಣ್ಣು ತೆರೆದುಕೊಂಡೇ ಕನಸು ಕಾಣುವ ಚಟ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿದವಳು ಹೊಸ್ತಿಲ ಮೇಲೆ ಕೂತು, ಭೀಮಾ ನದಿಯ ಕಡೆಯಿಂದ ಬರುವ ಮಂಜನ್ನು ನೋಡುತ್ತ ಎಲ್ಲೋ ಹೋಗಿಬಿಡುತ್ತಿದ್ದಳು. ಅವಳ ಅಕ್ಕ ಸುಂದರಬಾಯಿಗೆ, ಅಂದರೆ ನನಗೆ, ಸಿಟ್ಟು ಮೂಗಿನ ತುದಿಯಲ್ಲೇ. "ಮೈಮ್ಯಾಲ ಖಬರ್ ಅದನೋ ಇಲ್ಲೋ ನಿನಗ? ಹಿಟ್ಟು ಆರಾಕತ್ತದ" ಎಂದು ಬೈದರೆ, "ನೋಡಾಕತ್ತೇನಿ ಅಕ್ಕಾ" ಎನ್ನುವಳು. ಏನನ್ನು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಎಂಬತ್ತರ ದಶಕದ ಮಾತಿದು. ಗಂಡ ತೀರಿದ ಮೇಲೆ ನನಗೆ ಉಳಿದದ್ದು ಗಾಣಗಾಪುರದ ಮನೆಯೊಂದೇ. ದತ್ತನ ಗುಡಿಗೆ ಹೋಗುವ ದಾರಿ, ಮುಂದೆ ಉದ್ದನೆಯ ಕಟ್ಟೆ. ಅಪ್ಪ ಅವ್ವ ಇಲ್ಲದ ನಮ್ಮಿಬ್ಬರನ್ನೂ ಬೆಳೆಸಿದವರು ಅಫಜಲಪುರದ ಶಾಂತಲಿಂಗಪ್ಪ ಕಾಕಾ. ಸುಮಿತ್ರಾ ಮೆಟ್ರಿಕ್ ಮುಗಿಸಿ ನನ್ನ ಜೊತೆಗೆ ಬಂದಿದ್ದಳು. ಅಷ್ಟರಲ್ಲಿ ಯಡ್ರಾಮಿಯಿಂದ ಒಂದು ಸಂಬಂಧ ಬಂತು. ಗಂಡಿಗೆ ಹೊಲ ಮನೆ ಇತ್ತು, ಅವಳಿಗಿಂತ ಭಾಳ ವಯಸ್ಸೂ ಇತ್ತು.

"ನಾ ಖಾನಾವಳಿ ಹಾಕ್ತೇನಿ, ಕಾಕಾ" ಎಂದಳು ಸುಮಿತ್ರಾ.

ಕಾಕಾ ಶರಣರ ಮಾತು ನಂಬಿ ಬದುಕಿದವರು. ದುಡಿದು ಉಣ್ಣಬೇಕು, ಬಂದವರಿಗೆ ಉಣ್ಣಿಸಬೇಕು ಎನ್ನುವವರು. ಹೊಟ್ಟೆಗೆ ಬೇಕಾದದ್ದನ್ನು ಮಾರುವುದು ಅವರಿಗೆ ಸರಿಬರಲಿಲ್ಲ. "ಯುಗಾದಿ ತನಕ ನೋಡ್ತೇನಿ" ಎಂದರು. "ನಿನ್ನ ಒಲಿ ನಿಮ್ಮಿಬ್ಬರ ಹೊಟ್ಟಿ ತುಂಬಿಸ್ತಂದ್ರ ಸರಿ. ಇಲ್ಲಂದ್ರ ಯಡ್ರಾಮಿಯವ್ರಿಗಿ ಮಾತು ಕೊಡ್ತೇನಿ, ಮತ್ತ ಅಳಬ್ಯಾಡ." ಅವಳು ಹೋದರೆ ಆ ಮನೆಯಲ್ಲಿ ನಾನು ಗೋಡೆಗಳ ಜೊತೆ ಜಗಳಾಡಬೇಕಿತ್ತು. ನನಗೆ ಹೆದರಿಕೆಯಾಗಿತ್ತು.

ಖಾನಾವಳಿ ಶುರುವಾಯಿತು. ಬೆಳಗಿನ ಜಾವ ಅವಳು ರೊಟ್ಟಿ ಬಡಿಯುವ ಸಪ್ಪಳ ನನ್ನ ನಿದ್ದೆಯೊಳಗೆ ಬಂದು ಅಲ್ಲೇ ಉಳಿಯುತ್ತಿತ್ತು. ಎದ್ದು ನೋಡಿದರೆ ಹೊಗೆ, ಮಂಜು, ನಡುವೆ ಅವಳ ಕೈಬಳೆ. ಬುಟ್ಟಿ ತುಂಬ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮಧ್ಯಾಹ್ನದ ಹೊತ್ತಿಗೆ ದಾರಿ ತುಂಬ ಜನ. ನಮ್ಮ ಕಟ್ಟೆಗೆ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ.

ಬರುವುದಾದರೂ ಹೇಗೆ? ಗಾಣಗಾಪುರದಲ್ಲಿ ಮಧ್ಯಾಹ್ನ ದತ್ತ ಭಿಕ್ಷುಕನಾಗಿ ಬರುತ್ತಾನೆಂದು ನಂಬಿಕೆ. ಆ ಹೊತ್ತಿಗೆ ಸಾಹುಕಾರನೂ ಜೋಳಿಗೆ ಹಿಡಿದು ಬೇಡುತ್ತಾನೆ. ಬೇಡಿದವರಲ್ಲಿ ದೇವರು ಯಾರೋ ಗೊತ್ತಿಲ್ಲವೆಂದು ಕೊಟ್ಟವರೇ ಅವರ ಕಾಲಿಗೆ ಬೀಳುತ್ತಾರೆ. ಬೇಡಿ ಉಣ್ಣುವ ಊರಿನಲ್ಲಿ ನಾವು ಊಟ ಮಾರಲು ಕೂತಿದ್ದೆವು. ನಾನು ಮದುವೆಯಾಗಿ ಬಂದಾಗಿನಿಂದ ಕಂಡ ಪದ್ಧತಿ, ಆದರೂ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಜನರ ಹಿಂಡು ಕಂಡಿತ್ತು, ಅವರ ಹೆಗಲ ಜೋಳಿಗೆ ಕಂಡಿರಲಿಲ್ಲ.

"ಹೊಳಿ ದಂಡಿಗಿ ಬಾವಿ ತೋಡಿದಂಗ ಆತಲ್ಲಬೇ" ಎಂದು ನಾನು ಹಣೆ ಬಡಿದುಕೊಂಡೆ. ಅವಳು ಅಳಲಿಲ್ಲ, ಒಲೆ ಆರಿಸಲೂ ಇಲ್ಲ. ದಿನಾ ಅದೇ ಹೊತ್ತಿಗೆ ಏಳುವಳು, ಅಷ್ಟೇ ರೊಟ್ಟಿ ಮಾಡುವಳು, ಉಳಿದದ್ದನ್ನು ದಾರಿಯವರಿಗೆ ಕೊಟ್ಟು ಮತ್ತೆ ಹೊಸ್ತಿಲ ಮೇಲೆ ಕೂತು ನೋಡುವಳು. ಯುಗಾದಿ ಹತ್ತಿರ ಬರುತ್ತಿತ್ತು. ನನಗೆ ಅವಳನ್ನು ಹಿಡಿದು ಅಲುಗಾಡಿಸಬೇಕೆನಿಸುತ್ತಿತ್ತು.

ಒಂದು ಮಧ್ಯಾಹ್ನ ಸೊಲ್ಲಾಪುರದ ಹೆಣ್ಣುಮಗಳೊಬ್ಬಳು ನಮ್ಮ ಕಟ್ಟೆಯ ಮೇಲೆ ಕುಸಿದು ಕೂತಳು. ರೇಷ್ಮೆ ಸೀರೆ, ಮುಖ ಬಾಡಿತ್ತು. ತನ್ನ ಕೈಯಾರೆ ಭಿಕ್ಷೆ ನೀಡುವುದಾಗಿ ಹರಕೆ ಹೊತ್ತು ಬಂದವಳು. ಊರಿಂದ ತಂದ ಹೋಳಿಗೆ ಬಿಸಿಲಿಗೆ ಹಳಸಿಹೋಗಿದ್ದವು. "ಈಗ ಏನು ನೀಡಲಿ ಬಾಯಿ?" ಎಂದು ಕಣ್ಣಿಗೆ ಸೆರಗು ಹಚ್ಚಿದಳು.

ಸುಮಿತ್ರಾ ಎದ್ದು, ನಿದ್ದೆಯಲ್ಲಿ ನಡೆಯುವವಳ ಹಾಗೆ ಒಳಗೆ ಹೋಗಿ ಬುಟ್ಟಿ ತಂದು ಅವಳ ಮುಂದಿಟ್ಟಳು. ಆ ಹೆಣ್ಣುಮಗಳು ಗುಡಿಯ ಮುಂದೆ ಬುಟ್ಟಿ ಬರಿದಾಗುವ ತನಕ ನೀಡಿದಳು, ನಗುತ್ತ ಬಂದು, ನಾವು ಬೇಡವೆಂದರೂ ಕೇಳದೆ ದುಡ್ಡು ಕೊಟ್ಟು ಹೋದಳು.

"ಅಕ್ಕಾ" ಎಂದಳು ಸುಮಿತ್ರಾ ಮೆಲ್ಲಗೆ, "ಇಲ್ಲಿ ಉಣ್ಣೋರು ಬ್ಯಾರೆ, ಕೊಳ್ಳೋರು ಬ್ಯಾರೆ. ನಾವು ಉಣ್ಣೋರ ದಾರಿ ಕಾಯಾಕತ್ತಿದ್ವಿ."

ಮರುದಿನವೇ ಸ್ಟೇಷನ್ನಿನಿಂದ ಟಾಂಗಾ ಹೊಡೆಯುವ ಲಾಲಸಾಬನಿಗೆ ಹೇಳಿ ಕಳಿಸಿದಳು. "ನೀಡೋರು ಇದ್ರ ನಮ್ಮ ಕಟ್ಟಿಗಿ ಕರಕೊಂಡು ಬಾ, ಲಾಲಸಾಬಣ್ಣ. ನಿನ್ನಿ ರೊಟ್ಟಿ ಒಂದೂ ಇಡಂಗಿಲ್ಲ ಅಂತ ಹೇಳು." ಹಾಗೇ ನಡೆದಳು ಕೂಡ. ತಂಗಳು ರೊಟ್ಟಿಯನ್ನು ಯಾರ ಕೈಗೂ ಕೊಡಲಿಲ್ಲ, ಒಪ್ಪಿಕೊಂಡ ಹೊತ್ತನ್ನು ಒಂದು ದಿನವೂ ತಪ್ಪಿಸಲಿಲ್ಲ. ಬೈಯುತ್ತಲೇ ನಾನೂ ಇನ್ನೊಂದು ಒಲೆ ಹೂಡಿದೆ.

ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ, ಊರು ತುಂಬಿತ್ತು. ಕಾಕಾ ಹೇಳದೆ ಕೇಳದೆ ಬಸ್ಸಿಳಿದು ಬಂದರು. ಸಂಜೆಯ ಬಸ್ಸಿಗೆ ಯಡ್ರಾಮಿಗೆ ಹೋಗಿ ಮಾತು ಕೊಡುವವರಿದ್ದರು. ಕಟ್ಟೆಯ ಮುಂದೆ ನಿಂತ ಜನರನ್ನು ನೋಡಿದರು. "ಹಸಿವ್ಯಾಗ್ಯದ, ಒಂದು ರೊಟ್ಟಿ ಹಾಕವ್ವಾ" ಎಂದರು.

ಸುಮಿತ್ರಾ ಬರಿದಾದ ಬುಟ್ಟಿ ತೋರಿಸಿದಳು. "ಎಲ್ಲಾ ಕೊಡೋರು ಒಯ್ದಾರ, ಕಾಕಾ. ಹಿಟ್ಟೂ ತೀರ್ಯದ. ಗುಡಿ ಮುಂದ ನೀಡಾಕತ್ತಾರ. ಹೋಗಿ ಬೇಡಿಕೊಂಡು ಬರ್ರಿ."

ಆ ಮನುಷ್ಯ ಜನ್ಮದಲ್ಲಿ ಯಾರ ಮುಂದೂ ಕೈಯೊಡ್ಡಿದವರಲ್ಲ. ಅವರು ಅವಳನ್ನೇ ನೋಡಿದರು, ಹೆಗಲ ಮೇಲಿನ ಶಲ್ಯ ಕೈಗೆ ತೆಗೆದುಕೊಂಡು ಬಿಸಿಲಿಗಿಳಿದರು.

ಬಹಳ ಹೊತ್ತಿನ ಮೇಲೆ ಬಂದರು. ಶಲ್ಯದಲ್ಲಿ ಒಂದು ರೊಟ್ಟಿ, ಪಲ್ಯ. ಕಟ್ಟೆಯ ಮೇಲೆ ಕೂತರೂ ಮುಟ್ಟಲಿಲ್ಲ. "ಯಾರೋ ಮುದುಕಿ, ರೊಟ್ಟಿ ಹಾಕಿ ನನ್ನ ಕಾಲಿಗಿ ಬಿದ್ಳು" ಎಂದರು. "ನನ್ನ ಕಾಲಿಗಿ."

ಸುಮಿತ್ರಾಳ ಮುಂಗೈ ತುಂಬ ಸುಟ್ಟ ಕಲೆ, ಕೂದಲಲ್ಲಿ ಹಿಟ್ಟು. ಕಾಕಾ ಅದನ್ನೆಲ್ಲ ನೋಡುತ್ತಿದ್ದರು.

"ಮುಂಜಾನಿಂದ ನೀ ಏನರ ಉಂಡೀಯೇನು?" ಎಂದರು.

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಾಕಾ ರೊಟ್ಟಿ ಮುರಿದು, ದೊಡ್ಡ ತುಂಡನ್ನು ಅವಳ ಕೈಗಿಟ್ಟರು. ಆಮೇಲೆ ಬಗ್ಗಿ, ಮಗಳ ಹಾಗೆ ಬೆಳೆಸಿದ ಹುಡುಗಿಯ ಪಾದ ಮುಟ್ಟಿ ಕೈ ಹಣೆಗೆ ಒತ್ತಿಕೊಂಡರು. ಅವತ್ತು ಸಂಜೆ ಅವರು ಯಡ್ರಾಮಿಯ ಬಸ್ಸು ಹತ್ತಲಿಲ್ಲ.