ವರ್ಲಾಮನಿಗೆ ಬಾರದ ಮೇಲ್ದನಿ

ಜಾರ್ಜಿಯಾದ ನಮ್ಮ ಗುರಿಯಾ ಬೆಟ್ಟಗಳಲ್ಲಿ ಹಾಡೆಂದರೆ ಮೂವರ ಬಾಯಿ ಸೇರಬೇಕು. ಕೆಳದನಿ ನನ್ನದು, ನಡುದನಿ ಕಿರಿಲೆಯದು, ಹುಂಜ ಕೂಗಿದಂತೆ ತಿರುಚಿಕೊಂಡು ಏರುವ ಮೇಲ್ದನಿ ಪೊಲಿಕಾರ್ಪೆ ಮಾವನದು. ಅದನ್ನು ಕಲಿಯಬೇಕಾದರೆ ಹಾಡುವವನ ಮಗ್ಗುಲಲ್ಲಿ ವರ್ಷಗಟ್ಟಲೆ ಕೂರಬೇಕು, ಬೇರೆ ದಾರಿಯಿಲ್ಲ.

ಮಾವ ಕಣ್ಣಿಟ್ಟಿದ್ದು ವರ್ಲಾಮನ ಮೇಲೆ. ಅಂಥ ಗಂಟಲು ಊರಲ್ಲಿ ಇನ್ನೊಂದಿರಲಿಲ್ಲ. ಆದರೆ ವರ್ಲಾಮ ಒಂದೆಡೆ ನಿಲ್ಲುವ ಪ್ರಾಣಿಯಲ್ಲ. ಮನೆಮನೆಯ ಬಾಗಿಲಿಗೆ ಬಣ್ಣದ ಚಿತ್ತಾರ ಬರೆಯುವವನು ಅವನೇ, ವೈನ್ ಕುಡಿಯುವ ಕೊಂಬು ಕೆತ್ತುವವನೂ ಅವನೇ. ಮದುವೆಯಲ್ಲಿ ಕುಣಿದು ಸುಸ್ತಾದರೆ ತಂತಿವಾದ್ಯ ಹಿಡಿದು ಕೂರುವವನು. ಅವನಿಲ್ಲದಿದ್ದರೆ ನಮ್ಮೂರು ಸಪ್ಪೆ, ಸುಳ್ಳೇಕೆ ಹೇಳಲಿ.

"ಹತ್ತು ಮನೆ ನೆಂಟ ಉಪವಾಸ ಬಿದ್ದನಂತೆ ಕಣೋ," ಎಂದು ಮಾವ ಚುಚ್ಚುತ್ತಿದ್ದ. "ಈ ಚಳಿಗಾಲನಾದ್ರೂ ನನ್ನ ಹತ್ರ ಬಾ."

"ಬರ್ತೀನಿ ಮಾವ. ನೀನೆಲ್ಲಿಗೆ ಓಡಿಹೋಗ್ತೀಯ?"

ಔತಣಗಳಲ್ಲಿ ನಾನಿಲ್ಲದಾಗ ವರ್ಲಾಮ ಕೆಳದನಿ ಹಿಡಿಯುತ್ತಿದ್ದ, ಕಿರಿಲೆ ಇಲ್ಲದಾಗ ನಡುದನಿ. ಮಾವ ಮಾತ್ರ ಒಂದು ಔತಣವನ್ನೂ ತಪ್ಪಿಸಿದವನಲ್ಲ. ಮೂರೂ ದನಿ ತನಗೆ ಬರುತ್ತವೆಂದು ವರ್ಲಾಮ ನಂಬಿದ್ದ, ನಾವೂ ನಂಬಿದ್ದೆವು.

ಹೋದ ಮಾರ್ಚ್‌ನಲ್ಲಿ ಮಾವ ಚಹಾ ಗಿಡ ಸವರುತ್ತಿದ್ದಲ್ಲೇ ಕುಸಿದು ಹೋದ. ಹಾಡುಗಾರ ತೀರಿಕೊಂಡರೆ ನಮ್ಮೂರಲ್ಲಿ ಶವದ ಮುಂದೆ ಮಾತಿಲ್ಲದ ಶೋಕಗೀತೆ ಹಾಡಬೇಕು. ಸತ್ತವನ ದನಿಯನ್ನು ಅವನ ಕಡೆಯವನೊಬ್ಬ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಅದೂ ಅವನ ಜೊತೆ ಮಣ್ಣಿಗೆ. ವರ್ಲಾಮ ಶಿಲುಬೆ ಕೆತ್ತಿದ, ಮಾವನ ಚಿತ್ರವನ್ನೂ ಬರೆದ. ಮೀಸೆ ಈಗ ಅಲುಗೀತು ಎನ್ನುವ ಹಾಗಿತ್ತು.

ಮೇಲ್ದನಿಗೆ ವರ್ಲಾಮನನ್ನು ನಿಲ್ಲಿಸಿಕೊಂಡು ಹಾಡು ಶುರುಮಾಡಿದೆವು. ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಮಾವ ನಮ್ಮಿಬ್ಬರ ತಲೆಯ ಮೇಲಿಂದ ಜಿಗಿದು ತನ್ನದೇ ದಾರಿ ಹಿಡಿಯುತ್ತಿದ್ದ ಜಾಗ ಬಂತು. ವರ್ಲಾಮ ಬಾಯಿ ತೆರೆದ. ಬಂದದ್ದು ನಡುದನಿ. ಕಿರಿಲೆ ತಿರುಗಿ ನೋಡಿದ. ವರ್ಲಾಮ ಇನ್ನೊಮ್ಮೆ ಏರಲು ಹೋಗಿ ಸುಮ್ಮನಾದ. ನಡುವೆ ನಿಲ್ಲಿಸುವಂತಿರಲಿಲ್ಲ, ನಾವಿಬ್ಬರೇ ಮುಗಿಸಿದೆವು, ಸೂರಿಲ್ಲದ ಮನೆಯ ಹಾಗೆ.

ಮಣ್ಣಾದ ಮೇಲಿನ ಊಟದಲ್ಲಿ ವರ್ಲಾಮ ಮೆಕ್ಕೆಜೋಳದ ರೊಟ್ಟಿ ಮುಟ್ಟದೆ ಕೂತಿದ್ದ. ಮಾವನ ಹೆಂಡತಿ ದೊಮ್ನಾ ಅತ್ತೆ ಪಕ್ಕಕ್ಕೆ ಬಂದು ಕೂತಳು.

"ಚಿತ್ರ ಚೆನ್ನಾಗಿದೆ ಮಗ."

"ಬೈದುಬಿಡು ಅತ್ತೆ."

"ಬೈದ್ರೆ ಬರುತ್ತಾ ಅದು? ಚಳಿಗಾಲ ಬಂತು ಅಂದ್ರೆ ಒಲೆ ಪಕ್ಕ ನಿಂಗೊಂದು ಕುರ್ಚಿ ಹಾಕಿಡ್ತಿದ್ದ. ಬೆಕ್ಕು ಮಲಗ್ತಿತ್ತು ಅದ್ರಲ್ಲಿ."

ಮಾರನೆಯ ವಾರ ವರ್ಲಾಮ ನನ್ನ ಅಂಗಳಕ್ಕೆ ಬಂದ. "ನೀನು ಇಷ್ಟು ವರ್ಷ ಮಾವನ ದನಿಯ ಕೆಳಗೇ ನಿಂತು ಕೇಳಿದ್ದೀಯ. ಹೇಳ್ಕೊಡು."

ನನ್ನದು ಎಮ್ಮೆಯ ಗಂಟಲು. ಆದರೂ ನೆನಪಿದ್ದಷ್ಟನ್ನು ಗುನುಗಿದೆ. ಅವನು ಅದನ್ನು ಹಿಡಿದು ಮೇಲಕ್ಕೊಯ್ದ.

"ಹೀಗಾ?"

"ಅಲ್ಲ."

"ಹಂಗಾದ್ರೆ ಹೀಗೆ?"

ಇಂಪಾಗಿತ್ತು. ಅವನು ಮಾಡಿದ್ದು ಯಾವುದು ಇಂಪಾಗಿರಲಿಲ್ಲ?

"ಚೆನ್ನಾಗಿದೆ ಕಣೋ," ಎಂದೆ. "ಆದ್ರೆ ಅದು ನಿಂದು. ಮಾವಂದಲ್ಲ."

ಅವನು ತಲೆಯಾಡಿಸಿ, ಮತ್ತೆ ಮೊದಲಿಂದ ಗುನುಗು ಎಂದ.