ಗೋಡೆಯ ರಾಜೀನಾಮೆ

ಕಾಲೇಜಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಹಾಜರಿ ಹಾಕುವ ಮೇಷ್ಟರುಗಳು ಮಾತ್ರ. ಉಳಿದವರಿಗೆಲ್ಲ ಅವನು ಗೋಡೆ. ಮೂರು ವರ್ಷ ಫುಟ್‌ಬಾಲ್ ತಂಡದ ಗೋಲು ಕಾದು ಸಂಪಾದಿಸಿದ್ದ ಹೆಸರು. ಗೋಡೆ ಬಿರುಕು ಬಿಟ್ಟದ್ದು ಎಡಭುಜದಲ್ಲಿ. ಸೆಮಿಫೈನಲ್‌ನಲ್ಲಿ ಕಂಬಕ್ಕೆ ಬಡಿದು ಕೀಲು ಜಾರಿತ್ತು. ಎರಡೇ ದಿನಕ್ಕೆ ಫೈನಲ್. ಕೋಚ್ ಒಂದು ಇಂಜೆಕ್ಷನ್ ಕೊಡಿಸಿ, ಭುಜಕ್ಕೆ ಪಟ್ಟಿ ಬಿಗಿಸಿ, ಅವನನ್ನು ಮತ್ತೆ ಗೋಲಿನ ಮುಂದೆ ನಿಲ್ಲಿಸಿದರು. ಕಪ್ ಬಂತು. ಭುಜ ಹೋಯಿತು.

ಡಾಕ್ಟರು ಆಪರೇಷನ್ ಆಗಬೇಕೆಂದರು, ಆಟದ ಆಸೆ ಬಿಡು ಎಂದೂ ಅಂದರು. ಅವರು ಬರೆದುಕೊಟ್ಟ ಚೀಟಿ ಹಿಡಿದು ಅವನು ಗುರುವಾರ ಮಧ್ಯಾಹ್ನ ಕೋಚ್ ಕೋಣೆಗೆ ಹೋದ. ಅವರು ಚೀಟಿ ಕಡೆ ನೋಡಲೂ ಇಲ್ಲ. ಡ್ರಾಯರ್‌ನಿಂದ ಟೈಪ್ ಮಾಡಿದ ಹಾಳೆಯೊಂದನ್ನು ತೆಗೆದು ಮುಂದಿಟ್ಟರು.

"ನನಗೆ ಯಾವ ದೈಹಿಕ ತೊಂದರೆಯೂ ಇಲ್ಲ. ಬೇರೆ ಅವಕಾಶಗಳನ್ನು ಅರಸಿ ಸ್ವಇಚ್ಛೆಯಿಂದ ತಂಡ ತೊರೆಯುತ್ತಿದ್ದೇನೆ." ಕೆಳಗೆ ಅವನ ಪೂರ್ತಿ ಹೆಸರು.

"ಯಾವ ಅವಕಾಶ ಸರ್?"

"ಯಾವ್ದೋ ಒಂದು. ಪತ್ರದಲ್ಲಿ ಹಂಗೇ ಬರೀತಾರೆ."

"ತೊಂದರೆ ಇಲ್ಲ ಅಂತಿದೆಯಲ್ಲ ಸರ್. ನೀವೇ ಇಂಜೆಕ್ಷನ್ ಕೊಡಿಸಿ ನಿಲ್ಲಿಸಿದ್ರಿ."

"ನಿಲ್ಲಿಸ್ದೆ, ನೀನು ನಿಂತೆ. ಕೈಕಾಲು ಕಟ್ಟಿ ನಿಲ್ಲಿಸಿದ್ನಾ?" ಕೋಚ್ ದನಿ ಏರಿಸಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಮೇಲಿಟ್ಟರು, ಅಷ್ಟೆ.

"ಅಪ್ಪನ್ನ ಕೇಳಿ ಹೇಳ್ತೀನಿ ಸರ್."

"ಕೇಳಪ್ಪ, ಧಾರಾಳವಾಗಿ ಕೇಳು."

ಅಪ್ಪ ದೂರದಲ್ಲೇನೂ ಇರಲಿಲ್ಲ. ಅದೇ ಕಾಲೇಜಿನ ಮೈದಾನ ನೋಡಿಕೊಳ್ಳುವ ಕೆಲಸ ಅವರದು. ಹುಲ್ಲು ಕತ್ತರಿಸುವುದು, ಬಲೆ ಕಟ್ಟುವುದು, ಗೆರೆ ಎಳೆಯುವುದು, ಎಲ್ಲ ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲೆ. ಮೈದಾನದ ಮೂಲೆಯ ತಗಡಿನ ಶೆಡ್ಡಿನಲ್ಲಿ ಅವರು ಗೆರೆ ಎಳೆಯುವ ಗಾಡಿಗೆ ಸುಣ್ಣದ ಪುಡಿ ತುಂಬುತ್ತಿದ್ದರು. ಮಗ ಹಾಳೆ ಚಾಚಿದ. ಅವರು ಕೈ ಮುಂದೆ ಮಾಡಲಿಲ್ಲ.

"ಹಾಕ್ಬಿಡು ಮಗ."

"ಓದ್ಲೇ ಇಲ್ವಲ್ಲಪ್ಪ ನೀನು!"

"ಓದಿದೀನಿ. ಸೋಮವಾರಾನೇ ಕರೆಸಿ ತೋರ್ಸಿದ್ರು."

ಸೋಮವಾರ! ಮಂಗಳವಾರ ಆಸ್ಪತ್ರೆಗೆ ಹೋಗುವಾಗ ಅಂಗಿಯ ತೋಳು ಏರಿಸಲು ಆಗದೆ ಒದ್ದಾಡುತ್ತಿದ್ದ ಅವನಿಗೆ ಗುಂಡಿ ಹಾಕಿಕೊಟ್ಟವರು ಇದೇ ಅಪ್ಪ. ಆಗಲೂ ಇದು ಅವರ ಹೊಟ್ಟೆಯಲ್ಲಿತ್ತು.

"ನೀನೇನಂದೆ ಅವರಿಗೆ?"

"ಹಾಕ್ತಾನೆ ಅಂದೆ." ಅಪ್ಪ ಗಾಡಿಯ ಚಕ್ರವನ್ನೇ ನೋಡುತ್ತಿದ್ದರು. "ಈ ಸಲ ಖಾಯಂ ಮಾಡೋರ ಪಟ್ಟೀಲಿ ನನ್ನ ಹೆಸರಿದೆ. ಕೋಚ್ ಒಂದು ಮಾತು ಅಡ್ಡ ಹೇಳಿದ್ರೆ ಮುಗೀತು. ಭುಜ ಹೆಂಗೂ ಹೋಯ್ತಲ್ಲ ಮಗ. ಗಲಾಟೆ ಮಾಡಿದ್ರೆ ವಾಪಸ್ ಬರುತ್ತಾ?"

ಲೆಕ್ಕ ಸರಿಯಾಗಿಯೇ ಇತ್ತು. ಅವನು ಸುಣ್ಣದ ಡಬ್ಬದ ಮುಚ್ಚಳದ ಮೇಲೆ ಹಾಳೆ ಇಟ್ಟು, ಒತ್ತಿ ಸಹಿ ಹಾಕಿದ.

ಮರುದಿನ ನೋಟಿಸ್ ಬೋರ್ಡಿನಲ್ಲಿ ಅವನ ಫೋಟೊ, ಅದರಡಿ ಅದೇ ವಾಕ್ಯ. ಜೊತೆಗೊಂದು 'ಶುಭವಾಗಲಿ'. ತಂಡದವರು ಮುತ್ತಿಕೊಂಡರು.

"ಲೋ ಗೋಡೆ, ಬಾಯೇ ಬಿಡ್ಲಿಲ್ಲವಲ್ಲೋ! ಯಾವ ಕ್ಲಬ್ಬು?"

"ಇನ್ನೂ ಹೇಳೋ ಹಾಗಿಲ್ಲ," ಎಂದುಬಿಟ್ಟ. ಬಾಯಿಗೆ ಬಂದದ್ದು ಅದೇ. ನಿಜ ಹೇಳಹೊರಟರೆ ಕೋಚ್‌ನಿಂದ ಶುರುವಾಗಿ ಅಪ್ಪನವರೆಗೂ ಹೇಳಬೇಕಾಗುತ್ತಿತ್ತು. ಮನೆಯಲ್ಲೂ ಹಾಗೇ ಆಯಿತು. ಅಮ್ಮ ಸುದ್ದಿ ಕೇಳಿ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ಅಪ್ಪ ತಟ್ಟೆ ನೋಡುತ್ತಾ ಊಟ ಮಾಡಿದರು.

ಬೀಳ್ಕೊಡುಗೆ ಸಮಾರಂಭವನ್ನೂ ಇಟ್ಟರು. "ಇವನ ಕಣ್ಣು ಎತ್ತರದಲ್ಲಿದೆ, ನಾವು ಅಡ್ಡ ಬರಬಾರದು," ಎಂದು ಕೋಚ್ ಮೈಕಿನಲ್ಲಿ ಹೇಳಿದಾಗ ಚಪ್ಪಾಳೆಯೋ ಚಪ್ಪಾಳೆ. ಫೋಟೊದವನು ಕಪ್ಪನ್ನು ತಲೆಯ ಮೇಲೆತ್ತಿ ಹಿಡಿಯಲು ಹೇಳಿದ. ಅವನ ಎಡಗೈ ಎದೆಯವರೆಗೆ ಬಂದು ನಿಂತಿತು.

"ಇನ್ನೂ ಸ್ವಲ್ಪ ಮೇಲೆ."

ಹಲ್ಲು ಕಚ್ಚಿದ. ಕೈ ಏಳಲಿಲ್ಲ. ಕೋಚ್ ನಗುತ್ತಲೇ ದಾಪುಗಾಲು ಹಾಕಿ ಬಂದು ಕಪ್ಪಿನ ಇನ್ನೊಂದು ಹಿಡಿಯನ್ನು ತಾವೇ ಎತ್ತಿಹಿಡಿದರು. ಫೋಟೊ ಚೆನ್ನಾಗಿ ಬಂತು. ಈಗಲೂ ಅದು ಕಾಲೇಜಿನ ಕಚೇರಿಯಲ್ಲಿದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಬರಲು ಏಳು ತಿಂಗಳಾಯಿತು. ಅಷ್ಟು ತಡವಾಗಿ ಆಪರೇಷನ್ ಮಾಡಿದರೂ ಕೈ ಎದೆಗಿಂತ ಮೇಲೆ ಏಳದಾಯಿತು. ಅವನಿಗೆ ಕೊರಿಯರ್ ಅಂಗಡಿಯ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಪಾರ್ಸೆಲ್ ತೂಗುವುದು, ಚೀಟಿ ಅಂಟಿಸುವುದು. ಒಮ್ಮೆ ತಂಡದ ಹಳೇ ಗೆಳೆಯನೊಬ್ಬ ಪೆಟ್ಟಿಗೆ ಹಿಡಿದು ಬಂದವನು ಇವನನ್ನು ಕಂಡು ಪೆಚ್ಚಾದ. "ಒಳಗೆ ಗಾಜಿನ ಸಾಮಾನು ಇದೆಯಾ?" ಎಂದು ಇವನೇ ಕೇಳಿ, ರಸೀದಿ ಹರಿದುಕೊಟ್ಟ.

ಅಪ್ಪನ ಖಾಯಂ ಆದೇಶ ಬಂದದ್ದು ಅದೇ ವರ್ಷ. ಊಟದ ಹೊತ್ತಿಗೆ ಅದನ್ನು ಮಗನ ಮುಂದಿಟ್ಟರು. ಅವನು ಮೊಹರಿನವರೆಗೂ ಓದಿ, "ಒಳ್ಳೇದಾಯ್ತು," ಎಂದು ಎದ್ದು ಕೈ ತೊಳೆದುಕೊಂಡ. ಆಮೇಲೆ ಇಬ್ಬರ ಮಧ್ಯೆ ಗ್ಯಾಸು, ನೀರು, ಬಾಗಿಲ ಚಿಲಕ, ಇಷ್ಟೇ ಮಾತು.

ಒಂದು ಭಾನುವಾರ ಬೆಳಿಗ್ಗೆ ಅಮ್ಮನಿಗೆ ಬೀರುವನ್ನು ಕಿಟಕಿಯ ಪಕ್ಕಕ್ಕೆ ಸರಿಸಬೇಕಿತ್ತು. ಅಪ್ಪ ಒಂದು ಕಡೆ ಹಿಡಿದು, ಹಳೇ ಅಭ್ಯಾಸದಲ್ಲಿ ಕೂಗಿದರು.

"ಬಾರೋ, ಆ ಕಡೆ ಹಿಡ್ಕೋ."

ಅವನು ಬಾಗಿಲಲ್ಲಿ ಬಂದು ನಿಂತ. "ನನ್ ಕೈಲಾಗಲ್ಲಪ್ಪ."

ಬಲಗೈಯಿಂದ ದೂಡಬಹುದಿತ್ತು. ಅದು ಅವನಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಅಪ್ಪ ಮತ್ತೆ ಕರೆಯಲಿಲ್ಲ. ಬೀರುವಿಗೆ ಬೆನ್ನು ಕೊಟ್ಟು, ಕಾಲು ಊರಿ, ಒಬ್ಬರೇ ದೂಡತೊಡಗಿದರು. ಅದು ಕಿರುಗುಟ್ಟುತ್ತಾ ಗೇಣು ಗೇಣೇ ಸರಿಯುವುದನ್ನು ಅವನು ಕೊನೆಯವರೆಗೂ ನಿಂತು ನೋಡಿದ.