ಕೆನಡಾಕ್ಕೆ ಮಾತ್ರ

ಗೈಡು ಫಿರಂಗಿಯ ಮೇಲೆ ಕೈಯೂರಿ, ಈ ಕೋಟೆಯನ್ನು ಯಾರ್ಯಾರು ಎಷ್ಟು ಸಲ ಮುತ್ತಿದರು, ಒಳಗಿದ್ದವರು ಎಷ್ಟು ತಿಂಗಳು ಬಾಗಿಲು ಹಾಕಿಕೊಂಡು ಕುಳಿತಿದ್ದರು ಎಂದು ಹೇಳುತ್ತಿದ್ದ. ವಿದ್ಯಾವತಿ ಗಡಿಯಾರ ನೋಡಿಕೊಂಡಳು. ಹನ್ನೆರಡು ಇಪ್ಪತ್ತು. ಅಮೆರಿಕದ ಹರ್ನ್‌ಡನ್ನಿನಲ್ಲಿ ಬೆಳಿಗ್ಗೆ ಏಳು ಇಪ್ಪತ್ತು. ಎಂಟಕ್ಕೆ ಫೋನ್ ಮಾಡುತ್ತೇನೆಂದು ಗಂಡನಿಗೆ ಹೇಳಿದ್ದಳು. ಇನ್ನೂ ನಲವತ್ತು ನಿಮಿಷ ಈ ಸ್ಕಾಟ್ಲೆಂಡಿನ ರಾಜರ ಜಗಳ ಕೇಳಬೇಕಾಗಿತ್ತು.

"ಆ ಕಡೆ ನೋಡೇ, ನದಿ ಕಾಣುತ್ತೆ," ಎಂದಳು ಪಕ್ಕದಲ್ಲಿದ್ದ ಫಿರೋಜಾ.

"ಕಾಣುತ್ತೆ," ಎಂದಳು ವಿದ್ಯಾವತಿ, ನೋಡದೆ.

ಇಬ್ಬರೂ ಹರ್ನ್‌ಡನ್ನಿನ ಒಂದೇ ಕನ್ಸಲ್ಟಿಂಗ್ ಕಂಪನಿಯವರು. ಎರಡು ಸಾವಿರದ ಇಸವಿ ಬಂದರೆ ಎಡಿನ್‌ಬರೊದ ಒಂದು ಬ್ಯಾಂಕಿನ ಕಂಪ್ಯೂಟರುಗಳು ತಾರೀಖು ತಪ್ಪುತ್ತವೆಂದು, ಅದನ್ನು ಸರಿಪಡಿಸಲು ಕಂಪನಿ ಇವರನ್ನು ಹತ್ತು ದಿನಕ್ಕೆ ಕಳಿಸಿತ್ತು. ಬ್ಯಾಂಕಿನ ಲಕ್ಷಾಂತರ ತಾರೀಖುಗಳನ್ನು ತಿದ್ದಿದ ವಿದ್ಯಾವತಿ ತನ್ನ ಪಾಸ್‌ಪೋರ್ಟಿನ ಒಂದು ತಾರೀಖನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಮೆರಿಕದ ವೀಸಾ ಮುದ್ರೆಯ ಅವಧಿ ಏಪ್ರಿಲ್‌ನಲ್ಲೇ ಮುಗಿದಿತ್ತು. ಕೆಲಸ ಮುಂದುವರಿಸಬಹುದೆಂಬ ಮಂಜೂರಾತಿ ಪತ್ರ ಕೈಯಲ್ಲಿತ್ತು. ಹರ್ನ್‌ಡನ್ನಿನ ಕನ್ನಡಿಗರಿಗೆಲ್ಲ ಆ ಪತ್ರವೆಂದರೆ ದೇವರ ಪ್ರಸಾದ. ಫಿರೋಜಾ ಎರಡು ವರ್ಷದ ಹಿಂದೆ ಅದೊಂದನ್ನೇ ತೋರಿಸಿ ಕೆನಡಾದ ಕಡೆಯಿಂದ ನಯಾಗರ ನೋಡಿಕೊಂಡು ವಾಪಸು ಬಂದಿದ್ದಳು. "ಲೆಟರ್ ಇದ್ರೆ ಸಾಕು ಕಣೇ, ಮುದ್ರೆ ಯಾರ್ ಕೇಳ್ತಾರೆ?" ಎಂದು ಅವಳು ಹೇಳಿದ್ದನ್ನು ವಿದ್ಯಾವತಿ ವಕೀಲರಿಗೊಂದು ಫೋನೂ ಮಾಡದೆ ನಂಬಿದ್ದಳು. ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗಾಯಿತು.

ಗುರುವಾರ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಪತ್ರವನ್ನು ಎರಡು ಸಲ ಓದಿ, ಯಾರನ್ನೋ ಕೇಳಿ ಬಂದು, ಇದು ಕೆನಡಾ, ಮೆಕ್ಸಿಕೊಗಳಿಂದ ಬರುವವರಿಗೆ ಮಾತ್ರ ಎಂದಳು. ನಿನ್ನೆಯೆಲ್ಲ ಫೋನುಗಳಲ್ಲೇ ಕಳೆಯಿತು. ಹೊಸ ಮುದ್ರೆಗೆ ನಿಮ್ಮ ದೇಶಕ್ಕೇ ಹೋಗಿ ಎಂದು ಇಲ್ಲಿಯ ಅಮೆರಿಕನ್ ಕಚೇರಿಯವರು ಹೇಳಿದರು. ಮದ್ರಾಸಿನ ಕಾನ್ಸುಲೇಟಿನಲ್ಲಿ ಆರು ವಾರವೋ ಎಂಟು ವಾರವೋ ಆಗಬಹುದು ಎಂದು ವಕೀಲರು ಹೇಳಿದರು. ಮಗಳು ರಚನಾಳಿಗೆ ಹತ್ತು ತಿಂಗಳು. ಇನ್ನೂ ಎದೆಹಾಲು ಬಿಡಿಸಿರಲಿಲ್ಲ. ಮಗುವನ್ನು ಕರೆತರೋಣವೆಂದರೆ ಗಂಡ ಗುರುರಾಜನ ಮುದ್ರೆಯೂ ಮುಗಿದಿತ್ತು. ಅವನೂ ಹೊರಗೆ ಬಂದರೆ ಮತ್ತೆ ಅಮೆರಿಕದೊಳಗೆ ಹೋಗಬಲ್ಲವರು ಯಾರೂ ಉಳಿಯುತ್ತಿರಲಿಲ್ಲ.

ಫಿರೋಜಾ ತನ್ನ ವಿಮಾನವನ್ನು ಬಿಟ್ಟು ಜೊತೆಗೆ ನಿಂತಿದ್ದಳು. ಅವಳ ಮುದ್ರೆ ಹೊಸದು. ನಾಳೆ ಭಾನುವಾರ ಹೊರಡುತ್ತಿದ್ದಳು. ರೂಮಿನಲ್ಲಿ ಗೋಡೆ ನೋಡುತ್ತ ಕೂತರೆ ಇವಳಿಗೆ ತಲೆ ಕೆಡುತ್ತದೆಂದು ಬೆಳಿಗ್ಗೆ ಬಲವಂತವಾಗಿ ಎಬ್ಬಿಸಿ ಟೂರ್ ಬಸ್ಸಿನಲ್ಲಿ ಸ್ಟರ್ಲಿಂಗ್‌ಗೆ ಕರೆತಂದಿದ್ದಳು. ಊರಿಗೆ ಬಂದವಳು ನೀರಿಗೆ ಬರಲೇಬೇಕಲ್ಲ ಎಂದು ನಗಿಸಲೂ ನೋಡಿದ್ದಳು. ವಿದ್ಯಾವತಿ ನಕ್ಕಿರಲಿಲ್ಲ. ಗುರುವಾರದಿಂದ ಅವಳು ಫಿರೋಜಾಳನ್ನು ಒಂದು ಮಾತೂ ಬೈದಿರಲಿಲ್ಲ, ಅದು ಫಿರೋಜಾಳಿಗೂ ಗೊತ್ತಿತ್ತು.

ಒಂದು ಗಂಟೆಗೆ ಕೋಟೆಯ ಹೆಬ್ಬಾಗಿಲಿನ ಹೊರಗೆ, ಬಸ್ಸುಗಳು ನಿಲ್ಲುವ ಬಯಲಿನ ಅಂಚಿನಲ್ಲಿದ್ದ ಫೋನಿನಿಂದ ವಿದ್ಯಾವತಿ ಮನೆಗೆ ಫೋನ್ ಮಾಡಿದಳು. ಗುರುರಾಜ ಮೊದಲನೇ ರಿಂಗಿಗೇ ಎತ್ತಿದ. ಹಿಂದೆ ಮಗು ಅಳುತ್ತಿತ್ತು. ಗಂಟಲು ಒಣಗಿ, ಒಡೆದ ಸ್ವರದಲ್ಲಿ ಅಳುತ್ತಿತ್ತು.

"ಯಾಕ್ರೀ ಅಳ್ತಿದಾಳೆ? ಜ್ವರಾನಾ?"

"ಜ್ವರ ಇಲ್ಲ. ಬಾಟಲ್ ಮುಟ್ತಿಲ್ಲ ವಿದ್ಯಾ. ನಿನ್ನೆ ಮಧ್ಯಾಹ್ನದಿಂದ ಏನೂ ಕುಡಿದಿಲ್ಲ."

"ಮೊನ್ನೆ ತನಕ ಕುಡೀತಿದ್ಲಲ್ಲ?"

"ನಿನ್ನ ನೈಟಿ ಹೆಗಲ ಮೇಲೆ ಹಾಕ್ಕೊಂಡು ಕೊಡ್ತಿದ್ದೆ. ಅದನ್ನ ಹಿಡ್ಕೊಂಡು, ಮೂಗಿಗೆ ಒತ್ಕೊಂಡು ಕುಡೀತಿದ್ಲು. ನಿನ್ನೆ ಬೆಳಿಗ್ಗೆ ಪಕ್ಕದ್ಮನೆ ವರಲಕ್ಷ್ಮಿ ಆಂಟಿ ಹೆಲ್ಪ್ ಮಾಡೋಣ ಅಂತ ಬಂದು ಲಾಂಡ್ರಿ ಎಲ್ಲಾ ಮಾಡಿದ್ರು. ಕ್ಲಾಸೆಟ್‌ನಲ್ಲಿ ಇದ್ದ ನಿನ್ನ ಬಟ್ಟೇನೂ ಬಿಟ್ಟಿಲ್ಲ. ಅವರಿಗೇನ್ ಗೊತ್ತು ಪಾಪ."

"ನೈಟೀನೂನಾ?"

"ಡ್ರೈಯರ್‌ಗೂ ಹಾಕ್ಬಿಟ್ಟಿದಾರೆ, ನಿನ್ ವಾಸ್ನೇನೇ ಉಳಿದಿಲ್ಲ. ಈಗ ಕೊಟ್ರೆ ಒದ್ದು ತಳ್ತಾಳೆ. ಡಾಕ್ಟರ್‌ಗೆ ಕಾಲ್ ಮಾಡಿದ್ದೆ. ಸ್ಪೂನ್‌ನಲ್ಲಿ ಹಾಕ್ತಾ ಇರಿ, ಹೀಗೇ ಆದ್ರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕ್ಬೇಕಾಗುತ್ತೆ ಅಂದ್ರು. ನಾನೇನ್ ಮಾಡ್ಲಿ ಹೇಳು. ನನ್ ಕೈಲಿ ಆಗ್ತಿಲ್ಲ."

ಗುರುರಾಜ ಅಳುವುದನ್ನು ವಿದ್ಯಾವತಿ ಅದುವರೆಗೆ ಕೇಳಿರಲಿಲ್ಲ. ಅಪ್ಪ, ಮಗಳು ಇಬ್ಬರೂ ಒಟ್ಟಿಗೆ ಅಳುತ್ತಿದ್ದರು. ಅವಳು ರಿಸೀವರಿಗೆ ಬಾಯಿಟ್ಟು "ರಚ್ಚೂ, ಅಮ್ಮ ಕಣೋ" ಎಂದಳು. ದನಿ ಕೇಳಿ ಮಗು ಒಂದು ಕ್ಷಣ ನಿಲ್ಲಿಸಿತು. ಆಮೇಲೆ ಮೊದಲಿಗಿಂತ ಜೋರಾಗಿ ಶುರುಮಾಡಿತು. ಫೋನ್ ಕಾರ್ಡಿನಲ್ಲಿದ್ದ ನಿಮಿಷ ಮುಗಿದು ಫೋನ್ ಕಟ್ಟಾಯಿತು.

ಫಿರೋಜಾ ಎರಡು ಕಾಗದದ ಲೋಟಗಳಲ್ಲಿ ಟೀ ಹಿಡಿದು ನಿಂತಿದ್ದಳು. "ಏನಂತೆ?" ಎಂದಳು.

"ನಿನ್ನ ಮಾತು ಕೇಳಿದೆನಲ್ಲ, ಅದಕ್ಕೆ ಅನುಭವಿಸ್ತಿದೀನಿ," ಎಂದಳು ವಿದ್ಯಾವತಿ. ಶುರುವಾದದ್ದು ನಿಲ್ಲಲಿಲ್ಲ. "ಯಾರ್ ಕೇಳ್ತಾರೆ ಅಂದೆ. ನಯಾಗರ ನೋಡ್ಕೊಂಡು ಬಂದೋಳಿಗೆ ಪ್ರಪಂಚದ ಲಾ ಎಲ್ಲಾ ಗೊತ್ತು. ನಾಳೆ ನೀನು ಪ್ಲೇನ್ ಹತ್ತಿ ನಿನ್ ಮಗಳ ಹತ್ರ ಹೋಗ್ತೀಯ. ನನ್ ಮಗು ಅಲ್ಲಿ ಸಾಯ್ತಿದೆ. ನನ್ನ ಕೋಟೆ ತೋರಿಸೋಕೆ ಕರ್ಕೊಂಡ್ ಬಂದಿದೀಯ."

ಟೂರಿನ ಮುದುಕಿಯರಿಬ್ಬರು ತಿರುಗಿ ನೋಡಿದರು. ಫಿರೋಜಾ ಟೀ ಲೋಟಗಳನ್ನು ಕಲ್ಲಿನ ಕಟ್ಟೆಯ ಮೇಲಿಟ್ಟಳು. ಒಂದು ಲೋಟ ಉರುಳಿತು. ತಪ್ಪು ತನ್ನದೇ ಎಂದು ಗುರುವಾರದಿಂದ ಅವಳೂ ನಿದ್ದೆ ಮಾಡಿರಲಿಲ್ಲ.

"ಬೈಯಿ. ಬೈದ್ರೆ ಒಳ್ಳೇದೇ," ಎಂದಳು ಕಡೆಗೆ. "ಮಗುಗೆ ಏನಾಯ್ತು, ಅದನ್ನ ಹೇಳು."

ವಿದ್ಯಾವತಿ ಹೇಳಿದಳು. ಹೇಳುತ್ತಿದ್ದ ಹಾಗೆ ಎದೆ ಬಿಗಿಯಿತು. ಹತ್ತು ದಿನವೂ ಅವಳು ಬ್ಯಾಂಕಿನ ಬಾತ್‌ರೂಮಿನಲ್ಲಿ ಹೊತ್ತುಹೊತ್ತಿಗೆ ಹಾಲು ಹಿಂಡಿ ಚೆಲ್ಲುತ್ತಿದ್ದಳು, ವಾಪಸು ಹೋಗುವ ತನಕ ಬತ್ತದಿರಲಿ ಎಂದು. ಗುರುವಾರದ ನಂತರ ಅದನ್ನೂ ಸರಿಯಾಗಿ ಮಾಡಿರಲಿಲ್ಲ. ಕಡಿಮೆಯಾಗಿದೆ ಎಂದುಕೊಂಡಿದ್ದಳು. ಮಗುವಿನ ಅಳು ಕಿವಿಗೆ ಬಿದ್ದದ್ದೇ ತಡ, ಕೋಟಿನ ಒಳಗೆ ಕುರ್ತಾ ಎರಡೂ ಕಡೆ ನೆನೆದಿತ್ತು. ಅವಳು ಕೋಟಿನ ಗುಂಡಿ ಬಿಚ್ಚಿ ನೋಡಿಕೊಂಡಳು. ಅದೇ ಕುರ್ತಾದಲ್ಲಿ ಅವಳು ಗುರುವಾರದಿಂದ ಮಲಗಿ ಎದ್ದಿದ್ದಳು. ಸ್ನಾನದ ನೆನಪೇ ಆಗಿರಲಿಲ್ಲ.

"ಫಿರೋಜಾ, ನಾಳೆ ಮನೆ ಮುಟ್ಟೋದು ಎಷ್ಟೊತ್ತಿಗೆ?"

"ಮೂರಕ್ಕೆ ನಮ್ಮ ಡಲ್ಲಸ್ ಏರ್‌ಪೋರ್ಟ್‌ನಲ್ಲಿ ಇಳೀತೀನಿ. ನಾಲ್ಕೂವರೆಗೆ ಮನೆ."

"ನಿನ್ ಮನೆ ಅಲ್ಲ. ನನ್ ಮನೆ."

ಫಿರೋಜಾ ಅವಳ ಮುಖ ನೋಡಿದಳು. "ನೇರ ನಿಮ್ಮನೆಗೇ ಹೋಗ್ತೀನಿ," ಎಂದಳು.

ಹೆಂಗಸರ ಬಾತ್‌ರೂಮಿನಲ್ಲಿ ವಿದ್ಯಾವತಿ ಕಡೆಯ ಬಾಗಿಲೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಕುರ್ತಾ ಬಿಚ್ಚಿ, ಮಡಿಸಿ, ಎದೆಗೆ ಒತ್ತಿಕೊಂಡು ಹಾಲನ್ನು ಬಟ್ಟೆಗೇ ಹಿಂಡಿದಳು. ಮೊದಲು ಬಲಗಡೆ, ಆಮೇಲೆ ಎಡಗಡೆ. ನೋವಿಗೆ ಹಲ್ಲು ಕಚ್ಚಿದಳು, ಬಿಡಲಿಲ್ಲ. ಕುತ್ತಿಗೆ, ಕಂಕುಳು ಎಲ್ಲ ಅದರಿಂದಲೇ ಒರೆಸಿಕೊಂಡಳು. ಹೊರಗೆ ಸಾಲಿನಲ್ಲಿ ನಿಂತವರು ಯಾರೋ ಎರಡು ಸಲ ಬಾಗಿಲು ತಟ್ಟಿದರು. ಫಿರೋಜಾ ಅವರಿಗೆ ಏನೋ ಸಮಜಾಯಿಷಿ ಹೇಳಿ, ತನ್ನ ಸ್ವೆಟರನ್ನು ಬಾಗಿಲ ಮೇಲಿಂದ ಒಳಗೆ ಇಳಿಬಿಟ್ಟಳು. ವಿದ್ಯಾವತಿ ಅದನ್ನು ಬರಿಮೈಗೆ ಹಾಕಿಕೊಂಡು ಹೊರಗೆ ಬಂದಳು.

"ಈ ಕುರ್ತಾನ ನೀನು ಹಾಕ್ಕೊಂಡು ಬಾಟಲ್ ಕೊಡು," ಎಂದಳು. "ಗುರುರಾಜ ಬೇಡ, ಅವರ ಎದೆ ಗಟ್ಟಿ, ಅವಳಿಗೆ ಗೊತ್ತಾಗುತ್ತೆ. ಎಡಗೈಯಲ್ಲಿ ಮಲಗಿಸ್ಕೋ. ಸೆಂಟ್ ಹಾಕ್ಕೋಬೇಡ. ತಲೆಗೆ ಎಣ್ಣೆ ಹಚ್ಚಬೇಡ. ಮಾತಾಡ್ಬೇಡ, ನಿನ್ ದನಿ ಬೇರೆ."

"ಆಯ್ತು."

"ನನ್ನ ಥರ ಇರು."

"ಆಯ್ತು ಕಣೇ," ಎಂದಳು ಫಿರೋಜಾ. ಅವಳ ಕಣ್ಣು ತುಂಬಿತ್ತು. ತಾನು ಅಳುವ ಹೊತ್ತು ಇದಲ್ಲವೆಂದು ಆಕಡೆ ತಿರುಗಿ, ಕೋಟೆಯ ಅಂಗಡಿಯ ಪ್ಲಾಸ್ಟಿಕ್ ಕವರನ್ನು ಕೊಡವಿದಳು. ಇಬ್ಬರೂ ಸೇರಿ ಒದ್ದೆ ಕುರ್ತಾವನ್ನು ಒಳಗೆ ತುರುಕಿ, ಒಳಗಿನ ಗಾಳಿಯೆಲ್ಲ ಹೊರಗೆ ಹೋಗುವ ಹಾಗೆ ಒತ್ತಿ, ಗಂಟು ಹಾಕಿದರು. ವಿದ್ಯಾವತಿ ಅದರ ಮೇಲೆ ಇನ್ನೊಂದು ಗಂಟು ಹಾಕಿದಳು.

ಮೂರು ಗಂಟೆಗೆ ಬಸ್ಸು ಗುಡ್ಡ ಇಳಿಯತೊಡಗಿತು. ಸ್ವೆಟರಿನ ಉಣ್ಣೆ ವಿದ್ಯಾವತಿಯ ಮೈಗೆ ಚುಚ್ಚುತ್ತಿತ್ತು. ಮುಂದಿನ ಸೀಟಿನಲ್ಲಿ ಗೈಡು ಇನ್ನೂ ರಾಜರ ವಿಷಯ ಹೇಳುತ್ತಿದ್ದ. ತಿರುವಿನಲ್ಲಿ ಬಿಸಿಲು ಕಿಟಕಿಯಿಂದ ನೇರವಾಗಿ ಫಿರೋಜಾಳ ಮಡಿಲಿಗೆ ಬಿತ್ತು. ಅವಳು ಕವರನ್ನು ನೆರಳಿದ್ದ ಕಡೆಗೆ ಸರಿಸಿಕೊಂಡು, ಅದರ ಮೇಲೆ ಎರಡೂ ಕೈ ಮುಚ್ಚಿದಳು.